ಹನ್ನೆರಡು ಕೈ ದಾಟಿ ಬರುವ ಪುಟ

ಐಟೂಪಿ ಜಾಲದೊಳಗಿನ ಒಂದು ಕೊಂಡಿಯನ್ನು ಒತ್ತಿದವರಿಗೆ ಮೊದಲು ಕಾಣುವುದು ಬರಿಯ ಬಿಳಿ ಪರದೆ. ಎರಡು ಸೆಕೆಂಡು, ನಾಲ್ಕು ಸೆಕೆಂಡು, ಗ್ರಹಚಾರ ಕೆಟ್ಟಿದ್ದರೆ ಅರ್ಧ ನಿಮಿಷ. ಊಟ ತರಿಸುವ ಆಪ್ ಅರೆಗಳಿಗೆ ತಡೆದರೂ ಸಿಡುಕುವ ಬೆರಳುಗಳಿಗೆ ಇದು ದೊಡ್ಡ ಶಿಕ್ಷೆಯೇ. ಆದರೆ ಆ ಬಿಳಿ ಪರದೆಯ ಹಿಂದೆ ಯಾರೂ ಸುಮ್ಮನೆ ಕೂತಿಲ್ಲ. ಬೇಡಿಕೆಯು ಓದುಗನ ಕಂಪ್ಯೂಟರಿನಿಂದ ಹೊರಟು ಮೂವರು ಅಪರಿಚಿತರ ಕಂಪ್ಯೂಟರುಗಳನ್ನು ದಾಟುತ್ತದೆ. ಅಲ್ಲಿಗೆ ಓದುಗ ಕಟ್ಟಿಕೊಂಡ ಸುರಂಗ ಮುಗಿಯಿತು. ಮುಂದಿನದು ತಾಣ ನಡೆಸುವವರು ತಮ್ಮ ಕಡೆಯಿಂದ ಕಟ್ಟಿಕೊಂಡ ಸುರಂಗ. ಅದರಲ್ಲಿ ಇನ್ನೂ ಮೂವರು. ಪುಟ ಹಿಂದಿರುಗುವಾಗ ಹೋದ ದಾರಿಯಲ್ಲಿ ಬರುವುದಿಲ್ಲ. ಐಟೂಪಿಯ ಸುರಂಗಗಳೆಲ್ಲ ಏಕಮುಖ ರಸ್ತೆಗಳು. ಹಾಗಾಗಿ ತಾಣದಿಂದ ಹೊರಡುವ ಸುರಂಗದ ಮೂವರು, ಓದುಗನತ್ತ ಬರುವ ಸುರಂಗದ ಮೂವರು. ಒಂದು ಸಲ ಕೇಳಿ ಒಂದು ಸಲ ಉತ್ತರ ಪಡೆಯುವಷ್ಟರಲ್ಲಿ ಒಟ್ಟು ಹನ್ನೆರಡು ಕೈ.

ಈ ಹನ್ನೆರಡು ಜನರಲ್ಲಿ ಪ್ರತಿಯೊಬ್ಬರಿಗೂ ಗೊತ್ತಿರುವುದು ತನಗೆ ಕೊಟ್ಟವರು ಯಾರು, ತಾನು ಯಾರಿಗೆ ಕೊಡಬೇಕು ಎಂಬಷ್ಟೇ. ಅದೂ ಹತ್ತು ನಿಮಿಷದ ಮಟ್ಟಿಗೆ. ಆಮೇಲೆ ಸುರಂಗ ಕಳಚಿ ಬೀಳುತ್ತದೆ, ಬೇರೆಯವರ ಮೂಲಕ ಹೊಸದು ಎದ್ದಿರುತ್ತದೆ. ಕನ್ನಡದಲ್ಲಿ ಇಂಥ ಜಾಲಗಳಿಗೆ ‘ಅನಾಮಿಕ’ ಎಂಬ ಪದ ಬಳಕೆಗೆ ಬಂದಿದೆ. ಆದರೆ ಆ ಪದ ಹೆಸರಿನತ್ತ ಬೆರಳು ಮಾಡುತ್ತದೆ, ಈ ಜಾಲಗಳು ಮುಚ್ಚಿಡಲು ಹೆಣಗುವುದು ಹೆಸರನ್ನಲ್ಲ, ಸಂಬಂಧವನ್ನು. ಯಾರು ಯಾರ ಜೊತೆ ಮಾತಾಡಿದರು, ಯಾರು ಯಾವ ಪುಟ ಓದಿದರು ಎಂಬ ಆ ಎರಡು ತುದಿಗಳ ನಡುವಿನ ಗೆರೆಯನ್ನು. ಹೆಸರು ಹೇಳಿಕೊಂಡೇ ಬರೆಯುವವರೂ ಇಲ್ಲಿದ್ದಾರೆ. ಅವರು ಎಲ್ಲಿ ಕೂತು ಬರೆದರು ಎಂಬುದಷ್ಟೇ ಯಾರಿಗೂ ಸಿಗುವುದಿಲ್ಲ.

ಕೈಯಿಂದ ಕೈಗೆ ದಾಟಿಸುವುದೇನೂ ಹೊಸ ವಿದ್ಯೆಯಲ್ಲ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ ನೆಲೆಗೊಂಡು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋದ ಮೈಸೂರು ಅಂಚೆಯೂ ಇದೇ ರೀತಿ ಓಲೆ ಸಾಗಿಸುತ್ತಿತ್ತು. ಆದರೆ ಆ ಅಂಚೆ ಅರಸನಿಗೆ ಸುದ್ದಿ ಮುಟ್ಟಿಸುವ ಕಿವಿಯೂ ಆಗಿತ್ತು. ಓಲೆ ಯಾರಿಂದ ಯಾರಿಗೆ ಎಂಬುದನ್ನು ಸಾಗಿಸುವವನು ನೋಡಬಲ್ಲ; ನೋಡಬಲ್ಲವನನ್ನು ಆಳುವವನು ಕೇಳಬಲ್ಲ. ಈ ಕಗ್ಗಂಟಿಗೆ 1981ರಲ್ಲಿ ಡೇವಿಡ್ ಚಾಮ್ ಎಂಬ ಗಣಕವಿಜ್ಞಾನಿ ಒಂದು ಪರಿಹಾರ ಸೂಚಿಸಿದ. ಪತ್ರವನ್ನು ಲಕೋಟೆಯೊಳಗೆ ಲಕೋಟೆಯಂತೆ ಬೀಗ ಹಾಕಿ ಕಳಿಸಬೇಕು. ನಡುವಿನ ಪ್ರತಿಯೊಬ್ಬನೂ ಒಂದು ಪದರ ಮಾತ್ರ ಬಿಚ್ಚಬೇಕು. ಜೊತೆಗೆ, ಬಂದದ್ದನ್ನು ಕೂಡಲೇ ಮುಂದೆ ಕಳಿಸದೆ ಹಲವು ಪತ್ರಗಳು ಸೇರುವ ತನಕ ಇಟ್ಟುಕೊಂಡು, ಕಲಸಿ, ಆಮೇಲೆ ಬಿಡಬೇಕು. ಹೊರಗೆ ನಿಂತು ನೋಡುವವನಿಗೆ ಒಳಹೋದ ಪತ್ರಕ್ಕೂ ಹೊರಬಂದ ಪತ್ರಕ್ಕೂ ಗಂಟು ಹಾಕಲು ಆಗಬಾರದು. ಎಂದರೆ, ಗುಟ್ಟಿನ ತಾಯಿಬೇರು ತಡದಲ್ಲೇ ಇತ್ತು. ಈ ಬಗೆಯ ಈಮೇಲ್ ವ್ಯವಸ್ಥೆಗಳಲ್ಲಿ ಒಂದು ಪತ್ರ ಮುಟ್ಟಲು ಗಂಟೆಗಟ್ಟಲೆ ಹಿಡಿಯುತ್ತಿತ್ತು, ಅದನ್ನು ಯಾರೂ ದೋಷವೆಂದು ಎಣಿಸಲಿಲ್ಲ.

ವೆಬ್ ಪುಟ ಗಂಟೆಗಟ್ಟಲೆ ಕಾಯಿಸಲಾರದು. 2002ರಲ್ಲಿ ಬಂದ ಟಾರ್, 2003ರಲ್ಲಿ ಶುರುವಾದ ಐಟೂಪಿ ಎರಡೂ ಪದರದ ಲಕೋಟೆಯನ್ನು ಉಳಿಸಿಕೊಂಡು, ಕಾಯಿಸಿ ಕಲಸುವುದನ್ನು ಬಿಟ್ಟವು. ಬಿಟ್ಟದ್ದಕ್ಕೆ ಬೆಲೆ ಇದೆ. ಎರಡೂ ತುದಿಗಳನ್ನು ಒಟ್ಟಿಗೆ ಗಮನಿಸಬಲ್ಲ ಬಲಾಢ್ಯನೊಬ್ಬ, ಈ ಕಡೆ ಹೋದ ಸಂಚಾರದ ಏರಿಳಿತವನ್ನೂ ಆ ಕಡೆ ಬಂದ ಏರಿಳಿತವನ್ನೂ ಹೋಲಿಸಿ ಗೆರೆ ಎಳೆಯಬಲ್ಲ. 2018ರಲ್ಲಿ ದೇಬಜ್ಯೋತಿ ದಾಸ್, ಸೆಬಾಸ್ಟಿಯನ್ ಮೈಸರ್, ಎಸ್ಫಾಂದಿಯಾರ್ ಮೊಹಮ್ಮದಿ ಮತ್ತು ಅನಿಕೇತ್ ಕಾಟೆ ಇದನ್ನೇ ಗಣಿತದಲ್ಲಿ ಕಟ್ಟಿ ತೋರಿಸಿದರು. ಬಲವಾದ ಗೋಪ್ಯತೆ, ಕಡಿಮೆ ತಡ, ಕಡಿಮೆ ಹೆಚ್ಚುವರಿ ಸಂಚಾರ, ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರೂ ಸಿಗುವುದಿಲ್ಲ.

ಹಾಗಾದರೆ ತಡವನ್ನು ಸಹಿಸಿಕೊಂಡು ಸುಮ್ಮನಿರಬೇಕೇ? ಇಲ್ಲ. ನಿಧಾನವೂ ಒಂದು ಅಪಾಯವೇ. ಪತ್ರಕರ್ತರಿಗೆ ಗುಟ್ಟಾಗಿ ಕಡತ ಮುಟ್ಟಿಸಲು ರೂಪಿಸಿದ ಸೆಕ್ಯೂರ್‌ಡ್ರಾಪ್ ಎಂಬ ವ್ಯವಸ್ಥೆ ಟಾರ್ ಮೇಲೆ ನಡೆಯುತ್ತದೆ. ಅಲ್ಲಿಗೆ ಬರುವ ಸರ್ಕಾರಿ ಗುಮಾಸ್ತನೋ ಕಾರ್ಖಾನೆಯ ಎಂಜಿನಿಯರೋ ಅದುವರೆಗೆ ಇಂಥ ಜಾಲ ಕಂಡವರಲ್ಲ. ಎದೆ ಮೊದಲೇ ಹೊಡೆದುಕೊಳ್ಳುತ್ತಿರುತ್ತದೆ. ಪುಟ ಬಿಚ್ಚಿಕೊಳ್ಳದಿದ್ದರೆ ಏನೋ ಎಡವಟ್ಟಾಯಿತೆಂದು ಮುಚ್ಚಿ, ಮಾಮೂಲಿ ಈಮೇಲಿನಲ್ಲೇ ಕಳಿಸಿಬಿಡುವ ಸಾಧ್ಯತೆ ಇದ್ದೇ ಇದೆ. ಆ ಈಮೇಲ್ ಕ್ಷಣದಲ್ಲಿ ಹೋಗುತ್ತದೆ, ಅಷ್ಟೇ ಬೇಗ ಕೆಲಸವನ್ನೂ ಕಳೆಯಬಹುದು. ಇನ್ನೊಂದು ಕಾರಣವನ್ನು ಟಾರ್ ಕಟ್ಟಿದ ರೋಜರ್ ಡಿಂಗಲ್‌ಡೈನ್ ಮತ್ತು ನಿಕ್ ಮ್ಯಾಥ್ಯೂಸನ್ 2006ರಷ್ಟು ಹಿಂದೆಯೇ ಬಿಡಿಸಿ ಹೇಳಿದ್ದರು. ಗುಂಪು ದೊಡ್ಡದಾದಷ್ಟೂ ಅದರೊಳಗೆ ಮರೆಯಾಗುವುದು ಸುಲಭ. ಜಾಲ ತೆವಳಿದರೆ ಅಡುಗೆ ವಿಧಾನ ಓದುವವರು, ಕುತೂಹಲದವರು, ಸಾಮಾನ್ಯರು ಮೊದಲು ಎದ್ದುಹೋಗುತ್ತಾರೆ. ಉಳಿಯುವುದು ಬೇರೆ ದಾರಿಯಿಲ್ಲದವರು ಮಾತ್ರ, ಮತ್ತು ಹಾಗೆ ಉಳಿದವರನ್ನು ಗುರುತಿಸುವುದು ಕಷ್ಟವಲ್ಲ.

ಆದ್ದರಿಂದ ಈ ಇಪ್ಪತ್ತು ವರ್ಷ ನಡೆದ ಕೆಲಸವನ್ನು ‘ವೇಗ ಹೆಚ್ಚಿಸುವುದು’ ಎಂದರೆ ಅರ್ಧ ಮಾತು. ಯಾವ ತಡ ಮರೆಮಾಡುವುದಕ್ಕೆ ತೆತ್ತದ್ದು, ಯಾವುದು ಬರಿಯ ಪೋಲು ಎಂದು ಬೇರ್ಪಡಿಸುವುದೇ ನಿಜವಾದ ಕೆಲಸ. ಅಕ್ಕಿಯಿಂದ ಕಲ್ಲು ಆರಿಸಿದಂತೆ, ತಾಳ್ಮೆಯದು.

ದೂರವನ್ನು ಆರಿಸಿ ಎಸೆಯಲಾಗದು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಬೈಯಿಂದ ಫ್ರಾಂಕ್‌ಫರ್ಟ್‌ಗೆ ನೇರ ಗೆರೆ ಎಳೆದರೆ 6,500 ಕಿಲೋಮೀಟರ್ ಆಸುಪಾಸು. ಒಂದು ಕಡೆಗೆ 33 ಮಿಲಿಸೆಕೆಂಡಿಗಿಂತ ಕಡಿಮೆ ಆಗಲು ಸಾಧ್ಯವೇ ಇಲ್ಲ. ಸಮುದ್ರದಡಿಯ ಕೇಬಲ್ ನೇರವಾಗಿ ಹೋಗುವುದೂ ಇಲ್ಲ. ಹನ್ನೆರಡು ಜನರ ನಡುವೆ ಹದಿನಾಲ್ಕು ಓಟಗಳು. ಒಂದೊಂದಕ್ಕೆ 50 ಮಿಲಿಸೆಕೆಂಡ್ ಎಂದು ಹಿಡಿದರೂ 700 ಆಯಿತು. ಮುಕ್ಕಾಲು ಸೆಕೆಂಡಿಗೆ ಹತ್ತಿರ. ಇದು ತೆರಲೇಬೇಕಾದ ಸುಂಕ. ಮುಂಬೈ ಪುಣೆಯಲ್ಲಿ ಕೂತವರು ಯುರೋಪಿನವರಿಗಿಂತ ಸ್ವಲ್ಪ ಹೆಚ್ಚೇ ತೆರುತ್ತಾರೆ, ಏಕೆಂದರೆ ಮುಖ್ಯವಾಗಿ ಟಾರ್‌ನಲ್ಲಿ, ನಡುವಿನ ಯಂತ್ರಗಳ ದೊಡ್ಡ ಪಾಲು ಇರುವುದು ಜರ್ಮನಿ, ಅಮೆರಿಕ, ನೆದರ್ಲೆಂಡ್ಸ್‌ಗಳಲ್ಲಿ.

ಸುಂಕ ಒಂದು ಸಲಕ್ಕೆ ಮುಕ್ಕಾಲು ಸೆಕೆಂಡಾದರೆ ಉಳಿತಾಯ ಎಲ್ಲಿ? ಎಷ್ಟು ಸಲ ಗಡಿ ದಾಟುತ್ತೇವೆ ಎಂಬುದರಲ್ಲಿ. ಇಲ್ಲಿ ಐಟೂಪಿ ಕಟ್ಟಿದವರ ಜಾಣತನ ನೋಡಬೇಕು. ಮಾಮೂಲಿ ಇಂಟರ್ನೆಟ್ಟಿನಲ್ಲಿ ಮೊದಲು ‘ಇದ್ದೀಯಾ?’ ಎಂದು ಕೇಳಿ, ‘ಇದ್ದೇನೆ’ ಎಂಬ ಉತ್ತರ ಬಂದ ಮೇಲೆ ನಿಜವಾದ ಬೇಡಿಕೆ ಹೊರಡುತ್ತದೆ. ಐಟೂಪಿಯಲ್ಲಿ ‘ಇದ್ದೀಯಾ’ ಎಂಬ ಮೊದಲ ಪ್ಯಾಕೆಟ್ಟಿನಲ್ಲೇ ಬೇಡಿಕೆಯನ್ನೂ ತುರುಕುತ್ತಾರೆ. ಅದಕ್ಕಾಗಿ ತಂತ್ರಾಂಶ ಬೇಕೆಂದೇ ತುಸು ಹೊತ್ತು ತಡೆದು ನಿಲ್ಲುತ್ತದೆ, ಟೆಂಪೋ ಡ್ರೈವರು ಇನ್ನೊಬ್ಬ ಪ್ರಯಾಣಿಕ ಹತ್ತಲಿ ಎಂದು ಎಂಜಿನ್ ಗುರುಗುಡಿಸುತ್ತ ನಿಂತ ಹಾಗೆ. ಇಲ್ಲಿ ಒಂದಿಷ್ಟು ಕಾದರೆ ಅಲ್ಲಿ ಹನ್ನೆರಡು ಕೈಯ ಒಂದು ಪೂರ್ತಿ ಸುತ್ತು ಉಳಿಯುತ್ತದೆ.

ಅದೇ ಪೊಟ್ಟಣದಲ್ಲಿ ಇನ್ನೊಂದು ಚೀಟಿಯೂ ಇರುತ್ತದೆ. ಉತ್ತರ ಕಳಿಸಬೇಕಾದ ತಾಣಕ್ಕೆ ಓದುಗನ ಒಳಸುರಂಗದ ಬಾಗಿಲು ಎಲ್ಲಿದೆ ಎಂದು ಗೊತ್ತಿರುವುದಿಲ್ಲ. ಅದನ್ನು ಜಾಲದ ತುಂಬ ಹಂಚಿಹೋಗಿರುವ ವಿಳಾಸ ಪುಸ್ತಕದಲ್ಲಿ ಹುಡುಕಬೇಕು, ಆ ಹುಡುಕಾಟವೂ ಸುರಂಗಗಳ ಮೂಲಕವೇ. ಹಾಗಾಗಿ ಓದುಗನ ಯಂತ್ರ ತನ್ನ ಸದ್ಯದ ಬಾಗಿಲುಗಳ ಪಟ್ಟಿಯನ್ನು ಬೇಡಿಕೆಯ ಜೊತೆಗೇ ಇಟ್ಟು ಕಳಿಸುತ್ತದೆ. ಒಂದೇ ಸಿಪ್ಪೆಯೊಳಗೆ ಹಲವು ಸಂದೇಶಗಳನ್ನು ಹೀಗೆ ಕಟ್ಟುವುದರಿಂದಲೇ ಈ ಪದ್ಧತಿಗೆ ಬೆಳ್ಳುಳ್ಳಿಯ ಹೆಸರು. ಒಳಗಿನ ಒಂದೊಂದು ಸಂದೇಶವೂ ಒಂದೊಂದು ಎಸಳು. ಟಾರ್‌ನದ್ದು ಈರುಳ್ಳಿ, ಇದು ಬೆಳ್ಳುಳ್ಳಿ. ಗುಟ್ಟು ಕಾಯುವವರಿಗೆ ಒಗ್ಗರಣೆಯ ಮೇಲೆ ಅದೇನು ಮೋಹವೋ.

ಇನ್ನೂ ಸಣ್ಣದೊಂದು ಲೆಕ್ಕ. ಸುರಂಗದೊಳಗೆ ಹೋಗುವ ಎಲ್ಲ ಪೆಟ್ಟಿಗೆಗಳೂ ಒಂದೇ ಅಳತೆ, 1,024 ಬೈಟ್. ಬೇರೆ ಬೇರೆ ಅಳತೆ ಇದ್ದರೆ ಗಾತ್ರ ನೋಡಿಯೇ ಗುರುತು ಹಿಡಿಯಬಹುದಲ್ಲ. ಎರಡು ಪೆಟ್ಟಿಗೆಗೆ ಸರಿಯಾಗಿ ಹಿಡಿಸುವಂತೆ ಪ್ಯಾಕೆಟ್ಟಿನ ಗರಿಷ್ಠ ಗಾತ್ರವನ್ನು 1,730 ಬೈಟ್ ಎಂದು ಗೊತ್ತುಮಾಡಿದರು. ಸ್ವಲ್ಪ ಹೆಚ್ಚಾಗಿದ್ದರೆ ಮೂರನೆಯ ಪೆಟ್ಟಿಗೆ ಬೇಕು, ಅದು ಬಹುಪಾಲು ಖಾಲಿಯಾಗಿ ಹೋಗುತ್ತದೆ. ಮೂರರಲ್ಲಿ ಒಂದು ಕಳೆದರೂ ಇಡೀ ಪ್ಯಾಕೆಟ್ ಮತ್ತೆ ಕಳಿಸಬೇಕು. ಕಳೆದುಹೋಗಿದೆ ಎಂದು ಖಚಿತವಾಗುವ ತನಕ ಕಾಯುವ ಹೊತ್ತು ಇಲ್ಲಿ ಸೆಕೆಂಡುಗಳ ಲೆಕ್ಕದ್ದು. ಬಿಳಿ ಪರದೆ ಅರ್ಧ ನಿಮಿಷ ಕದಲದೆ ನಿಲ್ಲುವುದರ ಹಿಂದೆ ಹೆಚ್ಚಾಗಿ ಇಂಥ ಕಳೆದ ಪೆಟ್ಟಿಗೆಯೋ ಕುಸಿದ ಸುರಂಗವೋ ಇರುತ್ತದೆ. ಸುರಂಗ ಕಟ್ಟುವ ಸಂದೇಶವೂ ಹಿಂದೆ ಭಾರಿಯಾಗಿತ್ತು. ಒಬ್ಬೊಬ್ಬರಿಗೆ 528 ಬೈಟಿನ ಒಂದು ದಾಖಲೆ. ಹೊಸ ಗೂಢಲಿಪಿಗೆ ಬದಲಾದ ಮೇಲೆ ಅದು 218 ಬೈಟಿಗೆ ಇಳಿಯಿತು. ನಾಲ್ಕು ದಾಖಲೆ ಸೇರಿದರೂ ಒಂದೇ ಪೆಟ್ಟಿಗೆಗೆ ಹಿಡಿಸುತ್ತದೆ. ಇದರಲ್ಲಿ ಗೋಪ್ಯತೆಯ ಒಂದು ಎಳೆಯೂ ಸವೆಯಲಿಲ್ಲ.

ಟಾರ್‌ನ ಕಲ್ಲು ಬೇರೆ ಕಡೆ ಸಿಕ್ಕಿತು. ಟಾರ್‌ನಲ್ಲಿ ಬಳಸುವವರೆಲ್ಲ ಬೇರೆಯವರ ಸಂಚಾರ ಹೊರುವುದಿಲ್ಲ. ಕೆಲವು ಸಾವಿರ ಸ್ವಯಂಸೇವಕ ಯಂತ್ರಗಳು ಲಕ್ಷಾಂತರ ಜನರ ಭಾರ ಹೊರುತ್ತವೆ. ಹಾಗಾಗಿ ಅದನ್ನು ಸಮಾನರ ಜಾಲ ಎನ್ನುವುದು ಪೂರ್ತಿ ಸರಿಯಲ್ಲ, ಆದರೂ ನೆರೆಮನೆಯ ಪಾಠ ನೆರೆಮನೆಗೆ ಬೇಕಾಗುತ್ತದೆ. 2009ರಲ್ಲಿ ಡಿಂಗಲ್‌ಡೈನ್ ಮತ್ತು ಸ್ಟೀವನ್ ಮರ್ಡಾಕ್ ಟಾರ್ ಏಕೆ ನಿಧಾನ ಎಂದೇ ಒಂದು ಉದ್ದದ ವರದಿ ಬರೆದರು. ತಡದ ದೊಡ್ಡ ಪಾಲು ದೂರದ್ದಲ್ಲ, ಸರತಿ ಸಾಲಿನದ್ದು. ಸಿನಿಮಾಗಟ್ಟಲೆ ಇಳಿಸಿಕೊಳ್ಳುವ ಕೆಲವರು ಸಾಲು ತುಂಬಿಸಿ, ಒಂದು ಪುಟ ಓದಲು ಬಂದವರು ಅವರ ಹಿಂದೆ ನಿಲ್ಲುತ್ತಿದ್ದರು. 2010ರಲ್ಲಿ ಕ್ಯಾನ್ ಟ್ಯಾಂಗ್ ಮತ್ತು ಇಯಾನ್ ಗೋಲ್ಡ್‌ಬರ್ಗ್ ಕೊಟ್ಟ ಉಪಾಯ ಯಾವ ಕಿರಾಣಿ ಅಂಗಡಿಯವರಿಗೂ ಹೊಳೆಯುವಂಥದ್ದು. ತಿಂಗಳ ಸಾಮಾನಿನ ಚೀಟಿ ಹಿಡಿದವರನ್ನು ಸ್ವಲ್ಪ ನಿಲ್ಲಿಸಿ, ಬೆಂಕಿಪೊಟ್ಟಣ ಕೇಳಿದವರಿಗೆ ಮೊದಲು ಕೊಡು. ಇತ್ತೀಚೆಗೆ ಯಾವ ಸಂಪರ್ಕ ಕಡಿಮೆ ಕಳಿಸಿದೆಯೋ ಅದಕ್ಕೆ ಮುಂಚಿನ ಪಾಳಿ.

ಆದರೂ ಒಂದು ಮಿತಿ ವರ್ಷಾನುಗಟ್ಟಲೆ ಹಾಗೇ ಕೂತಿತ್ತು. ಒಂದು ಸಂಪರ್ಕದಲ್ಲಿ ಒಮ್ಮೆಗೆ ದಾರಿಯ ಮೇಲಿರಬಹುದಾದ ಪೆಟ್ಟಿಗೆಗಳು ಹೆಚ್ಚೆಂದರೆ 1,000. ಒಂದೊಂದೂ ಅರ್ಧ ಕಿಲೋಬೈಟ್, ಅಂದರೆ ಒಟ್ಟು ಸುಮಾರು 500 ಕಿಲೋಬೈಟ್. ಹೋಗಿಬರಲು ಒಂದು ಸೆಕೆಂಡು ಹಿಡಿದರೆ ಸೆಕೆಂಡಿಗೆ ಅರ್ಧ ಮೆಗಾಬೈಟಿಗಿಂತ ಹೆಚ್ಚು ಹರಿಯುವಂತಿಲ್ಲ, ದಾರಿ ಪೂರ್ತಿ ಖಾಲಿ ಇದ್ದರೂ ಅಷ್ಟೇ. ದಾರಿ ಕಿಕ್ಕಿರಿದಿದ್ದರೂ ಅದೇ ಸಾವಿರ ಪೆಟ್ಟಿಗೆ ನುಗ್ಗಿ ಸರತಿ ಬೆಳೆಸುತ್ತಿದ್ದವು. 2022ರಲ್ಲಿ ಈ ಸ್ಥಿರ ಸಂಖ್ಯೆಯನ್ನು ತೆಗೆದು, ಹೋಗಿಬರುವ ಹೊತ್ತನ್ನು ಅಳೆಯುತ್ತ ತಾನೇ ಹಿಗ್ಗಿ ಕುಗ್ಗುವ ವ್ಯವಸ್ಥೆ ತಂದರು. 2023ರಲ್ಲಿ ಒಂದೇ ಸಂಚಾರವನ್ನು ಎರಡು ದಾರಿಗೆ ಸೀಳಿ, ಯಾವುದು ಚುರುಕೋ ಅದರಲ್ಲಿ ಕಳಿಸುವುದು ಬಂತು. ಇವೂ ಯಾರ ಮುಖವನ್ನೂ ಬಯಲು ಮಾಡದೆ ಗಳಿಸಿದ ವೇಗ.

ಬಯಲು ಮಾಡಿ ಗಳಿಸುವ ವೇಗವೂ ಇದೆ, ಅದು ಯಾವಾಗಲೂ ಕೈಗೆಟಕುವಷ್ಟು ಹತ್ತಿರದಲ್ಲೇ ಇರುತ್ತದೆ. ಐಟೂಪಿಯ ಸೆಟ್ಟಿಂಗಿನಲ್ಲಿ ಸುರಂಗದ ಉದ್ದವನ್ನು ಮೂರರಿಂದ ಒಂದಕ್ಕೆ ಇಳಿಸಬಹುದು, ಸೊನ್ನೆಗೂ ಇಳಿಸಬಹುದು. ಪುಟ ನೆಗೆದು ಬರುತ್ತದೆ. ಆದರೆ ಒಬ್ಬನೇ ನಡುವೆ ಇದ್ದರೆ ಆ ಒಬ್ಬನಿಗೆ ಎರಡೂ ಬದಿ ಕಾಣುತ್ತದೆ. ಹತ್ತಿರದ ಯಂತ್ರಗಳನ್ನೇ ಆರಿಸುವುದು ಇನ್ನೊಂದು ಆಸೆ. ಎಲ್ಲರೂ ಹತ್ತಿರದವರನ್ನೇ ಆರಿಸಿದರೆ, ಆರಿಸಿದ ದಾರಿಯೇ ಆರಿಸಿದವನ ಊರು ಹೇಳುತ್ತದೆ. ಅತಿ ವೇಗದ ಯಂತ್ರಗಳನ್ನೇ ಬಳಸುತ್ತೇನೆಂದರೆ, ದುಡ್ಡಿದ್ದವನು ಅತಿ ವೇಗದ ಯಂತ್ರಗಳನ್ನು ತಂದಿಟ್ಟು ಕಾಯಬಹುದು. ಓದಿದ ಪುಟಗಳನ್ನು ಡಿಸ್ಕಿನಲ್ಲಿ ಉಳಿಸಿಕೊಂಡರೆ ಎರಡನೆಯ ಸಲ ತಕ್ಷಣ ತೆರೆಯುತ್ತದೆ, ನಿಜ. ಲ್ಯಾಪ್‌ಟಾಪ್ ಕಿತ್ತುಕೊಂಡವರಿಗೂ ಅಷ್ಟೇ ತಕ್ಷಣ ತೆರೆಯುತ್ತದೆ. ಟಾರ್ ಬ್ರೌಸರ್ ಡಿಸ್ಕಿನಲ್ಲಿ ಏನೂ ಉಳಿಸದಿರುವುದು ಸೋಮಾರಿತನದಿಂದಲ್ಲ.

ಒಂದು ಕಡೆ ಮಾತ್ರ ಮರೆ ಬೇಡವಾದರೆ ಆ ಕಡೆಯ ಕೈಗಳನ್ನು ಕಡಿಮೆ ಮಾಡಬಹುದು. ಫೇಸ್‌ಬುಕ್ 2014ರಲ್ಲಿ ಟಾರ್‌ನೊಳಗೆ ಒಂದು ವಿಳಾಸ ತೆರೆಯಿತು. ಅದರ ಸರ್ವರು ಯಾರದ್ದೆಂಬುದು ಗುಟ್ಟೇನಲ್ಲ, ಕಾಪಾಡಬೇಕಾದದ್ದು ಓದುಗನನ್ನು ಮಾತ್ರ. ಇಂಥ ತಾಣಗಳಿಗಾಗಿ ಸರ್ವರಿನ ಬದಿಯ ಮೂರು ಕೈಗಳನ್ನು ಬಿಟ್ಟು, ಆರರ ದಾರಿಯನ್ನು ಮೂರಕ್ಕೆ ಇಳಿಸುವ ಏರ್ಪಾಡು ಟಾರ್‌ನಲ್ಲಿದೆ. ಅದೇ ಅನುಕೂಲವನ್ನು ಮನೆಯ ಕೋಣೆಯಿಂದ ತಾಣ ನಡೆಸುವ ಬಂಡಾಯಗಾರನೊಬ್ಬ ‘ವೇಗ ಚೆನ್ನಾಗಿದೆ’ ಎಂದು ಹಾಕಿಕೊಂಡರೆ ಕತೆ ಮುಗಿಯಿತು.

ಇವೆಲ್ಲಕ್ಕೂ ಬೆನ್ನು ತಿರುಗಿಸಿ ನಿಂತದ್ದು ಫ್ರೀನೆಟ್. ಎಡಿನ್‌ಬರೋದಲ್ಲಿ ವಿದ್ಯಾರ್ಥಿಯಾಗಿದ್ದ ಇಯಾನ್ ಕ್ಲಾರ್ಕ್ 1999ರಲ್ಲಿ ರೂಪಿಸಿದ ವಿನ್ಯಾಸ ಅದು. ಹಳೆಯ ತಂತ್ರಾಂಶ 2023ರಿಂದ ಹೈಫನೆಟ್ ಎಂಬ ಹೆಸರಲ್ಲಿ ಬದುಕಿದೆ. ಅಲ್ಲಿ ಸರ್ವರೇ ಇಲ್ಲ. ಪುಟ ಚೂರುಚೂರಾಗಿ, ಬೀಗ ಹಾಕಿಕೊಂಡು, ಬಳಸುವವರ ಡಿಸ್ಕುಗಳಲ್ಲಿ ಹಂಚಿಹೋಗಿರುತ್ತದೆ. ಯಾರಾದರೂ ಕೇಳಿದರೆ ಬರುವ ದಾರಿಯಲ್ಲಿರುವವರೂ ಒಂದೊಂದು ಪ್ರತಿ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಹೆಚ್ಚು ಜನ ಓದಿದ ಪುಟ ನಿಧಾನವಾಗುವ ಬದಲು ಬೇಗ ಸಿಗತೊಡಗುತ್ತದೆ. ಯಾರೂ ಕೇಳದ ಪುಟ ಮೆಲ್ಲಗೆ ಅಳಿಸಿಹೋಗುತ್ತದೆ. ಬಾಯಿಂದ ಬಾಯಿಗೆ ಉಳಿದ ಹಾಡುಗಳ ಪಾಡೂ ಇದೇ ಅಲ್ಲವೇ.

ಅಲ್ಲಿನ ಒಂದು ರೂಢಿ ಬಹಳ ಸೊಗಸಾದದ್ದು. ತಾಣದ ಸಣ್ಣ ಕಡತಗಳನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟುತ್ತಾರೆ, ಬಿಡಿಬಿಡಿಯಾಗಿ ತರಿಸಿಕೊಳ್ಳುವ ತಡ ತಪ್ಪಲೆಂದು. ಆ ಗಂಟಿನಲ್ಲಿ 108×36 ಚುಕ್ಕೆಗಳ ಒಂದು ಪುಟ್ಟ ಚಿತ್ರವನ್ನೂ ಹಾಕುತ್ತಾರೆ. ತಾಣಗಳ ಸೂಚಿ ಮಾಡುವವರು ಕೊಂಡಿಯ ಪಕ್ಕದಲ್ಲಿ ಆ ಚಿತ್ರ ತೋರಿಸುತ್ತಾರೆ. ಸೂಚಿ ತೆರೆದವರ ಯಂತ್ರ ಚಿತ್ರಕ್ಕಾಗಿ ಇಡೀ ಗಂಟನ್ನೇ ತರಿಸಿಕೊಳ್ಳುತ್ತದೆ. ಕೊಂಡಿ ಒತ್ತುವ ಮೊದಲೇ ಪುಟ ಬಂದು ಕೂತಿರುತ್ತದೆ, ಜೊತೆಗೆ ಆ ತಾಣಕ್ಕೆ ಇನ್ನೊಂದಷ್ಟು ಆಯಸ್ಸೂ ಸಿಗುತ್ತದೆ. ಅಂಗೈಯ ಒಂದು ಗೆರೆಯಷ್ಟಿರುವ ಚಿತ್ರ ಮಾಡುವ ಕೆಲಸ ಇದು.

ಇನ್ನು ಪುಟ ಬರೆಯುವವರ ಕೈಯಲ್ಲಿರುವುದು. ಈಗಿನ ಮಾಮೂಲಿ ಪುಟವೊಂದು ಮೊದಲು ಪಠ್ಯ ತರಿಸುತ್ತದೆ, ಅದು ವಿನ್ಯಾಸದ ಕಡತ ಕೇಳುತ್ತದೆ, ಅದು ಫಾಂಟ್ ಕೇಳುತ್ತದೆ, ಸ್ಕ್ರಿಪ್ಟ್ ಬಂದು ಓಡಿ ಮತ್ತೇನನ್ನೋ ಕೇಳುತ್ತದೆ. ಒಂದರ ಬಾಲಕ್ಕೆ ಒಂದು. ಮನೆಯ ಫೈಬರ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಹನ್ನೆರಡು ಕೈಯ ದಾರಿಯಲ್ಲಿ ಪ್ರತಿ ಕೊಂಡಿಗೂ ಸೆಕೆಂಡಿನ ಸುಂಕ. ಗಾತ್ರಕ್ಕಿಂತ ಈ ಸರಪಳಿಯ ಉದ್ದವೇ ಹೆಚ್ಚು ಕಾಯಿಸುತ್ತದೆ. ವಿನ್ಯಾಸವನ್ನು ಪಠ್ಯದ ಒಳಗೇ ಬರೆದು, ಸ್ಕ್ರಿಪ್ಟ್ ಬಿಟ್ಟು, ಹೊರಗಿನ ತಾಣಗಳಿಂದ ಏನನ್ನೂ ಕರೆಸದಿದ್ದರೆ ಅರ್ಧ ಕೆಲಸ ಮುಗಿದಂತೆ. ಸೆಕ್ಯೂರ್‌ಡ್ರಾಪ್‌ನ ಪುಟಗಳು ಸ್ಕ್ರಿಪ್ಟ್ ಇಲ್ಲದೆ ನಡೆಯುತ್ತವೆ. ಸುರಕ್ಷತೆಗಾಗಿ ಮಾಡಿದ್ದು, ಹಗುರವೂ ಆಯಿತು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೂಕವಿದೆ. ಯೂನಿಕೋಡ್ ಪಠ್ಯವನ್ನು ಸಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ‘ಲಕ್ಷ್ಮಿ’ ಎಂಬಲ್ಲಿ ಅಕ್ಷರ, ವಿರಾಮ, ಗುಣಿತ ಎಲ್ಲ ಸೇರಿ ಏಳು ಚಿಹ್ನೆ, 21 ಬೈಟ್. ಇಂಗ್ಲಿಷ್ ಲಿಪಿಯಲ್ಲಿ ಅದೇ ಹೆಸರು ಏಳು ಬೈಟಿನಲ್ಲಿ ಮುಗಿಯುತ್ತದೆ. ಕನ್ನಡಕ್ಕೆ ಮೂರು ಪಟ್ಟು ಟಿಕೆಟ್ ಎಂದು ಮುನಿಯುವ ಮೊದಲು ಇನ್ನೊಂದು ವಿಷಯ ನೋಡಬೇಕು. ಆ ಮೂರರಲ್ಲಿ ಮೊದಲಿನ ಎರಡು ಬೈಟ್ ಕನ್ನಡದ ಎಲ್ಲ ಚಿಹ್ನೆಗಳಿಗೂ ಎರಡೇ ಬಗೆ, ಅವೇ ಮತ್ತೆ ಮತ್ತೆ ಬರುತ್ತವೆ. ಜಿಜಿಪ್ ಮಾಡಿದರೆ ಚೆನ್ನಾಗಿ ಅಮುಕಿಕೊಳ್ಳುತ್ತದೆ; ಐಟೂಪಿಯ ತಾಣದ ಬದಿಯ ತಂತ್ರಾಂಶ ಇದನ್ನು ತಾನಾಗಿಯೇ ಮಾಡುತ್ತದೆ. ಈ ಬರಹದಷ್ಟು ಉದ್ದದ ಪಠ್ಯ ಹಾಗೇ ಕಳಿಸಿದರೆ ಐವತ್ತು ಕಿಲೋಬೈಟ್ ದಾಟಬಹುದು, ಅಮುಕಿದರೆ ಅದರ ಕಾಲುಭಾಗದ ಆಸುಪಾಸು. ಪಠ್ಯ ಭಾರವಲ್ಲ. ಭಾರವಾಗುವುದು ಅಂದಕ್ಕಾಗಿ ಜೋಡಿಸಿದ ಕನ್ನಡ ಫಾಂಟು, ಒತ್ತಕ್ಷರಗಳ ದೆಸೆಯಿಂದ ಅದು ನೂರು ಕಿಲೋಬೈಟ್ ಮೀರುವುದು ಸಾಮಾನ್ಯ. ಅದು ಬರುವ ತನಕ ಅಕ್ಷರ ತೋರಿಸದೆ ಕಾಯುವ ಪುಟಗಳೂ ಇವೆ. ಟಾರ್ ಬ್ರೌಸರಿನ ಕಟ್ಟುನಿಟ್ಟಿನ ಹಂತದಲ್ಲಿ ಅಂಥ ಫಾಂಟು ಬರದೆಯೂ ಹೋಗಬಹುದು. ಯೂನಿಕೋಡಿನಲ್ಲಿದ್ದ ಪಠ್ಯ ಆಗಲೂ ಯಂತ್ರದ ಫಾಂಟಿನಲ್ಲಿ ಓದಲು ಸಿಗುತ್ತದೆ. ಹಳೆಯ ನುಡಿ ಫಾಂಟಿಗೆ ಅಂಟಿಕೊಂಡ ಕಡತವಾದರೆ ಹನ್ನೆರಡು ಕೈ ದಾಟಿ ಬಂದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗಿ ಬೀಳುತ್ತದೆ.

ಉಳಿದದ್ದು ಬಳಸುವವರ ಪಾಲು. ಐಟೂಪಿಯಲ್ಲಿ ಬಳಸುವವರೇ ಹೊರುವವರು. ತಂತ್ರಾಂಶ ಹಾಕಿದ ಮೊದಲ ಕೆಲವು ನಿಮಿಷ ಎಲ್ಲವೂ ನಿಧಾನ, ಏಕೆಂದರೆ ಆ ಯಂತ್ರಕ್ಕೆ ಇನ್ನೂ ಯಾರ ಪರಿಚಯವೂ ಇಲ್ಲ. ಬಿಟ್ಟು ಓಡಿಸಿದಷ್ಟೂ ಯಾರು ನಂಬಿಗಸ್ತರು, ಯಾರು ಚುರುಕು ಎಂದು ಅಳೆಯುತ್ತ ಹೋಗುತ್ತದೆ, ಸುರಂಗಗಳು ಗಟ್ಟಿಯಾಗುತ್ತವೆ. ಪುಟ ಬೇಕೆಂದಾಗ ಹಾಕಿ, ಓದಿ, ಪಟ್ಟನೆ ಆರಿಸುವವರು ಪ್ರತಿ ಸಲವೂ ಅಪರಿಚಿತರಾಗಿಯೇ ಶುರುಮಾಡುತ್ತಾರೆ, ನಡುವೆ ಬೇರೆಯವರ ಸುರಂಗಗಳನ್ನೂ ಕುಸಿಯಿಸುತ್ತಾರೆ. ಭಾರತದ ಮೊಬೈಲ್ ಸಂಪರ್ಕಗಳಲ್ಲಿ ಒಂದೇ ವಿಳಾಸದ ಹಿಂದೆ ಬಹಳ ಜನರನ್ನು ಕೂರಿಸುವುದರಿಂದ ಹೊರಗಿನಿಂದ ನೇರವಾಗಿ ತಲುಪುವುದು ಕಷ್ಟ; ಮೂರನೆಯವರೊಬ್ಬರು ಪರಿಚಯ ಮಾಡಿಸಬೇಕು. ಇನ್ನು, ಇಂಥ ಜಾಲ ಬಳಸುವುದೇ ಅಪಾಯವಾದ ದೇಶಗಳಲ್ಲಿ ಐಟೂಪಿ ತಾನಾಗಿಯೇ ಮರೆಯ ಸ್ಥಿತಿಗೆ ಹೋಗುತ್ತದೆ. ಅವರ ಪುಟ ಬರುತ್ತದೆ, ಬೇರೆಯವರ ಹೊರೆ ಅವರ ಮೇಲೆ ಬೀಳುವುದಿಲ್ಲ. ಅವರ ಪಾಲಿನ ಹೊರೆಯನ್ನು ನಿರ್ಭಯವಾಗಿರುವ ಊರುಗಳ ಯಂತ್ರಗಳು ಹೊರುತ್ತವೆ.

ಅಂಥ ಯಂತ್ರದ ನಿಯಂತ್ರಣ ಪುಟದಲ್ಲಿ ಆರಿಸುವುದಕ್ಕೆ ಎರಡು ಗುಂಡಿಗಳಿವೆ. ಒಂದು ತಕ್ಷಣ ನಿಲ್ಲಿಸುತ್ತದೆ. ಇನ್ನೊಂದನ್ನು ಒತ್ತಿದರೆ ಯಂತ್ರ ಹೊಸ ಹೊರೆ ಒಪ್ಪಿಕೊಳ್ಳುವುದನ್ನು ಬಿಟ್ಟು, ಈಗಾಗಲೇ ಒಪ್ಪಿಕೊಂಡ ಸುರಂಗಗಳ ಅವಧಿ ಮುಗಿಯುವ ತನಕ, ಹತ್ತು ನಿಮಿಷದಷ್ಟು, ಕಾಯುತ್ತದೆ. ಅಷ್ಟು ಹೊತ್ತು ಪರದೆಯ ಮೇಲೆ ಉಳಿದ ಸಮಯ ಇಳಿಯುತ್ತಿರುತ್ತದೆ. ಯಾರ ಪುಟ ದಾಟುತ್ತಿದೆ ಎಂದು ಅದರಲ್ಲಿ ಕಾಣುವುದಿಲ್ಲ.